ನ್ಯೂಟ್ರಲ್ ಅಂತ ಸದರ ಬೇಡ

ದಾವಣಗೆರೆ ಸುತ್ತಿನ ರೈಸ್‌ಮಿಲ್‌ಗಳಿಗೆ, ಚಳ್ಳಕೆರೆಯ ಎಣ್ಣೆ ಮಿಲ್‌ಗಳಿಗೆ ಪ್ಯಾನೆಲ್ (ಯಂತ್ರಗಳ ಸ್ವಿಚ್ಚು, ವೈರಿಂಗ್ ಇರುವ ಪೆಟ್ಟಿಗೆ) ಕೆಲಸಕ್ಕೆ ಹೋದಾಗೆಲ್ಲ ನಾನು ಮೊದಲು ನೋಡುವುದು ನ್ಯೂಟ್ರಲ್ ವೈರನ್ನು, ಅಂದ್ರೆ ಕರೆಂಟು ವಾಪಸ್ ಹೋಗುವ ವೈರನ್ನು. ಕರೆಂಟು ತರುವ ಫೇಸ್ ಅಂದ್ರೆ ಎಲ್ಲರಿಗೂ ಭಯ ಇದೆ. ನ್ಯೂಟ್ರಲ್ ಅಂದ್ರೆ ಸದರ.

ಮೊದಲು ಬಣ್ಣದ ವಿಚಾರ. ನಮ್ಮ ಹಳೇ ವೈರಿಂಗ್‌ನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್. ಹೊರದೇಶದಿಂದ ಬಂದ ಕಲರ್ ಸಾರ್ಟರ್‌ನ (ಬಣ್ಣ ನೋಡಿ ಕೆಟ್ಟ ಕಾಳು ಬೇರ್ಪಡಿಸುವ ಯಂತ್ರ) ಕೇಬಲ್ ಬಿಚ್ಚಿದರೆ ಸಾಮಾನ್ಯವಾಗಿ ಕಂದು ಫೇಸ್, ನೀಲಿ ನ್ಯೂಟ್ರಲ್. ಕಂದನ್ನು ಕೆಂಪಿಗೆ, ನೀಲಿಯನ್ನು ನೀಲಿಗೆ ಸುಮ್ನೆ ಸೇರಿಸಿದರೆ 230 ವೋಲ್ಟ್‌ನ ಯಂತ್ರಕ್ಕೆ ಎರಡು ಫೇಸ್ ನಡುವಿನ 415 ವೋಲ್ಟ್ ಹೋಗುತ್ತೆ. ಒಳಗಿನ ಎಸ್‌ಎಂಪಿಎಸ್ (ಕರೆಂಟನ್ನು ಡಿಸಿ ಮಾಡಿಕೊಡುವ ಪವರ್ ಸಪ್ಲೈ) ಅಲ್ಲೇ ಸುಟ್ಟುಹೋಗಬಹುದು. ಬಣ್ಣ ನಂಬಬೇಡಿ, ಮೀಟರ್ ಇಟ್ಟು ನೋಡಿ.

ಒಂದು ಮಿಲ್‌ನಲ್ಲಿ ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್) ಆಫ್ ಆಗಿತ್ತು. ಅಲ್ಲಿನ ಹುಡುಗ ಟೆಸ್ಟರ್ ಇಟ್ಟ, ಎರಡೂ ಟರ್ಮಿನಲ್‌ನಲ್ಲಿ ದೀಪ ಉರೀತು. "ಸರ್, ಎರಡು ಫೇಸ್ ಬಂದಿದೆ" ಅಂದ. ಬಂದಿದ್ದು ಒಂದೇ ಫೇಸ್. ಹಿಂದೆ ಎಲ್ಲೋ ನ್ಯೂಟ್ರಲ್‌ನ ಲಗ್ (ವೈರಿನ ತುದಿಯ ಲೋಹದ ಕೊಂಡಿ) ಸಡಿಲವಾಗಿ ಬಿಟ್ಟುಕೊಂಡಿತ್ತು, ಫೇಸ್ ಎಸ್‌ಎಂಪಿಎಸ್ ಒಳಗಿಂದಲೇ ಹಾದು ನ್ಯೂಟ್ರಲ್ ವೈರಿಗೂ ಬಂದು ಕೂತಿತ್ತು. ಟೆಸ್ಟರ್‌ಗೆ ಈ ವ್ಯತ್ಯಾಸ ಗೊತ್ತಾಗಲ್ಲ. ಮಲ್ಟಿಮೀಟರ್‌ನಲ್ಲಿ ಮೂರು ಕಡೆ ನೋಡಬೇಕು: ಫೇಸ್‌ನಿಂದ ನ್ಯೂಟ್ರಲ್‌ಗೆ, ಫೇಸ್‌ನಿಂದ ಅರ್ಥ್‌ಗೆ, ನ್ಯೂಟ್ರಲ್‌ನಿಂದ ಅರ್ಥ್‌ಗೆ. ಎಲ್ಲ ಸರಿ ಇದ್ದರೆ ಮೊದಲೆರಡು 230ರ ಹತ್ತಿರ, ಮೂರನೇದು ಒಂದೆರಡು ವೋಲ್ಟ್. ಇದೇ ನ್ಯೂಟ್ರಲ್ ಮೂರು ಫೇಸ್ ಸೇರುವ ಮೇನ್‌ನಲ್ಲೇ ಕಿತ್ತುಹೋದರೆ, ಲೋಡ್ ಕಡಿಮೆ ಇರುವ ಫೇಸ್‌ನ ವೋಲ್ಟೇಜ್ 415ರ ಕಡೆ ಏರುತ್ತೆ.

ಇನ್ನು ಎಂಸಿಬಿ, ಅಂದ್ರೆ ಕರೆಂಟು ಹೆಚ್ಚಾದರೆ ತಾನೇ ಟ್ರಿಪ್ ಆಗುವ ಸ್ವಿಚ್ಚು. ಫೇಸ್-ನ್ಯೂಟ್ರಲ್ ಅದಲುಬದಲಾಗಿ ಒಂದೇ ವೈರು ಕಡಿಯುವ ಸಿಂಗಲ್ ಪೋಲ್ ಎಂಸಿಬಿ ನ್ಯೂಟ್ರಲ್ ಮೇಲೆ ಕೂತರೆ, ಆಫ್ ಮಾಡಿದಾಗ ಪಿಎಲ್‌ಸಿ ದೀಪ ಆರುತ್ತೆ, ಆದ್ರೆ ಟರ್ಮಿನಲ್‌ನಲ್ಲಿ ಕರೆಂಟು ಇದ್ದೇ ಇರುತ್ತೆ, ದೀಪ ಆರಿದೆ ಅಂತ ಧೈರ್ಯವಾಗಿ ಕೈ ಹಾಕಿದವನಿಗೆ ಶಾಕ್ ಹೊಡೆಯುತ್ತೆ. ಅದಕ್ಕೇ ಪಿಎಲ್‌ಸಿಯಂಥವಕ್ಕೆ ಹೋಗುವ ಕಂಟ್ರೋಲ್ ಸಪ್ಲೈಗೆ ಎರಡೂ ವೈರು ಕಡಿಯುವ ಡಬಲ್ ಪೋಲ್ ಎಂಸಿಬಿ ಹಾಕಿ ಅಂತ ಹಟ ಹಿಡಿಯುತ್ತೇನೆ. ಆಫ್ ಮಾಡಿ, ಬೀಗ ಹಾಕಿ, ಕೀಲಿ ಜೇಬಲ್ಲಿ ಇಟ್ಟುಕೊಳ್ಳಿ. ಆಮೇಲೆ ಮೀಟರನ್ನು ಕರೆಂಟು ಇರುವ ಕಡೆ ಒಮ್ಮೆ ಇಟ್ಟು ನೋಡಿ, ನಿಮ್ಮ ಟರ್ಮಿನಲ್ ನೋಡಿ, ಮತ್ತೆ ಕರೆಂಟು ಇರುವ ಕಡೆ ನೋಡಿ. ಮೀಟರೇ ಕೆಟ್ಟಿದ್ದರೆ ಕರೆಂಟು ಇದ್ದರೂ ಸೊನ್ನೆ ತೋರಿಸಬಹುದು, ಅಲ್ವಾ?

ನನಗೆ ನಿಜಕ್ಕೂ ಸಿಟ್ಟು ಬರುವುದು ನ್ಯೂಟ್ರಲ್ ಸಿಗಲಿಲ್ಲ ಅಂತ ಅರ್ಥಿಂಗ್‌ನಿಂದ ಎಳೆದುಕೊಂಡಿರುವುದನ್ನು ನೋಡಿದಾಗ. ಮಳೆಗಾಲದಲ್ಲಿ ಹೇಗೋ ಕೆಲಸ ನಡೆದುಹೋಗುತ್ತೆ. ಚಳ್ಳಕೆರೆ ಕಡೆ ಮಳೆಯೇ ಕಡಿಮೆ, ಬೇಸಿಗೆಯಲ್ಲಿ ಅರ್ಥ್ ಪಿಟ್ ಒಣಗಿದರೆ ಆ ಕರೆಂಟು ಮಣ್ಣಿಗೆ ಸರಿಯಾಗಿ ಇಳಿಯಲ್ಲ, ಅದೇ ಅರ್ಥ್‌ಗೆ ಸೇರಿದ ಪ್ಯಾನೆಲ್ ಬಾಡಿ, ಮೋಟಾರ್ ಬಾಡಿ ಎಲ್ಲಕ್ಕೂ ವೋಲ್ಟೇಜ್ ಬರುತ್ತೆ. ಮೂಟೆ ಹೊತ್ತು ಬೆವೆತು ಬಂದ ಹಮಾಲರು ಒರಗಿ ನಿಲ್ಲುವುದು ಅದೇ ಪ್ಯಾನೆಲ್‌ಗೆ. ನ್ಯೂಟ್ರಲ್ ಇಲ್ಲದ ಜಾಗದಲ್ಲಿ 415ರಿಂದ 230ಕ್ಕೆ ಇಳಿಸುವ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಹಾಕಿ. ಒಳಬರುವ ಎರಡೂ ಫೇಸ್‌ಗೆ ಫ್ಯೂಸ್ ಇರಲಿ. ಹೊರಹೋಗುವ ಎರಡು ತುದಿಗಳಲ್ಲಿ ಒಂದನ್ನು ಅರ್ಥ್‌ಗೆ ಸೇರಿಸಿ, ಇನ್ನೊಂದಕ್ಕೆ ಫ್ಯೂಸ್ ಹಾಕಿ.