ನೇರಳಾತೀತ

ಮೈಸೂರು, ಮಂಡ್ಯ ಕಡೆಯ ಅಪರಾಧ ಸುದ್ದಿಗಳಲ್ಲಿ ಈ ಸಾಲು ಸವೆದುಹೋಗಿದೆ: ‘ನೇರಳಾತೀತ ದೀಪ ಹಾಯಿಸಿದಾಗ ರಕ್ತದ ಕಲೆ ನೀಲಿಯಾಗಿ ಹೊಳೆಯಿತು.’ ಹೊಳೆಯುವುದಿಲ್ಲ, ಸ್ವಾಮಿ. ರಕ್ತ ಆ ಬೆಳಕನ್ನು ನುಂಗಿ ಕಪ್ಪಾಗಿ ಕಾಣುತ್ತದೆ.

ನೀಲಿ ಹೊಳಪು ಲೂಮಿನಾಲ್‌ನದು. ಅದು ದೀಪವೇ ಅಲ್ಲ, ಸಿಂಪಡಿಸುವ ರಾಸಾಯನಿಕ. ರಕ್ತಕ್ಕೆ ಕೆಂಪು ಕೊಡುವ ಹೀಮ್‌ನಲ್ಲಿರುವ ಕಬ್ಬಿಣ ಸೋಕಿದರೆ ದ್ರಾವಣ ತಾನೇ ಬೆಳಕು ಸೂಸುತ್ತದೆ. ಅದಕ್ಕೆ ಕತ್ತಲೆ ಬೇಕು. ಟಾರ್ಚ್ ಹಚ್ಚಿದರೆ ಕೆಲಸ ಕೆಟ್ಟಂತೆ. ಬ್ಲೀಚಿಂಗ್ ಪೌಡರಿನಲ್ಲಿ ತೊಳೆದ ಬಚ್ಚಲು, ತಾಮ್ರದ ಹಂಡೆ, ಮೂಲಂಗಿ ರಸವೂ ಅದನ್ನು ಹೊಳೆಯಿಸಬಲ್ಲವು. ಸಿಂಪಡಿಸಿದರೆ ಕಲೆ ತೆಳುವಾಗುವುದರಿಂದ ಲೂಮಿನಾಲ್‌ನ ಸರದಿ ಕೊನೆಗೆ.

ಇನ್ನು ಪದ. ಕನ್ನಡದ ನೇರಳೆ, ಸಂಸ್ಕೃತದ ಅತೀತ ಎರಡನ್ನು ಬೆಸೆದದ್ದಕ್ಕೆ ವ್ಯಾಕರಣದ ಮೇಷ್ಟ್ರುಗಳು ಅರಿಸಮಾಸವೆಂದು ಮೂಗು ಮುರಿದಾರು. ಆದರೆ ಅರ್ಥ ಖಚಿತ: ನೇರಳೆಯನ್ನು ದಾಟಿದ್ದು. ಸುಮಾರು 400 ನ್ಯಾನೋಮೀಟರ್‌ಗಿಂತ ಕಿರಿದಾದ ಅಲೆ, ಕಣ್ಣಿಗೆ ಕಾಣದು. ಹಾಗಾದರೆ ನೋಟು ಪರೀಕ್ಷಿಸುವ ಟಾರ್ಚ್ ನೇರಳೆಯಾಗಿ ಕಾಣುವುದೇಕೆ? ಅಂಥವು ಹೆಚ್ಚಾಗಿ 395ರ ಸುಮಾರಿನವು. ಗಡಿ ದಾಟದ ಬೆಳಕೂ ಅದರಲ್ಲಿ ಬೆರೆತಿರುತ್ತದೆ. ನೀವು ಕಾಣುತ್ತಿರುವುದು ಬರೀ ನೇರಳೆ, ಅತೀತವಲ್ಲ. ಹೊಳೆಯುವ ಕಲೆಗಳ ಮಂದ ಹೊಳಪು ಆ ನೇರಳೆಯಲ್ಲೇ ಮುಳುಗಿಹೋಗುತ್ತದೆ. 365ರ ದೀಪಕ್ಕೆ ಕಾಣುವ ಬೆಳಕನ್ನು ತಡೆಯುವ ಫಿಲ್ಟರ್ ಹಾಕಿದ್ದರೆ ವಾಸಿ.

ತಮಾಷೆಯೆಂದರೆ, ಘಟನಾ ಸ್ಥಳದ ಹುಡುಕಾಟ ಬಹುಪಾಲು ನಡೆಯುವುದು ಕಣ್ಣಿಗೆ ಕಾಣುವ ಬೆಳಕಿನಲ್ಲೇ. ವೀರ್ಯದ ಕಲೆಗೆ 450ರ ಸುಮಾರಿನ ನೀಲಿ ಬೆಳಕು, ಕಣ್ಣಿಗೆ ಕಿತ್ತಳೆ ಕನ್ನಡಕ. ಕನ್ನಡಕ ನೀಲಿಯನ್ನು ತಡೆದು ಕಲೆಯ ಹೊಳಪನ್ನಷ್ಟೇ ಬಿಡುತ್ತದೆ. ಅದನ್ನು ಮರೆತರೆ ಕಾಣುವುದು ಬರೀ ನೀಲಿ ಕೋಣೆ. ಎಂಜಲಿನ ಹೊಳಪು ತೀರಾ ಮಂದ. ನಮ್ಮ ಮನೆಗಳಲ್ಲಿ ಅರಿಶಿನ ಬಳಿದ ಹೊಸ್ತಿಲು ಇವೆಲ್ಲಕ್ಕಿಂತ ಜೋರಾಗಿ ಹೊಳೆಯುತ್ತದೆ. ನೇರಳಾತೀತ ಹಾಯಿಸಿದರಂತೂ ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಪಂಚೆಯೂ ಬೆಳಗುತ್ತದೆ. ಬೆಳಕು ಹೇಳುವುದು ಎಲ್ಲಿ ಹತ್ತಿ ಒತ್ತಿ ಮಾದರಿ ತೆಗೆಯಬೇಕು ಎಂಬುದನ್ನು ಮಾತ್ರ. ಅದು ಏನೆಂದು ಪ್ರಯೋಗಾಲಯ ಹೇಳಬೇಕು.

ರಕ್ತಕ್ಕೆ 415ರ ನೇರಳೆ, ಹಳದಿ ಕನ್ನಡಕ. ಸುಣ್ಣದ ಗೋಡೆಯ ಮೇಲೆ ಕಲೆ ಕಪ್ಪಾಗಿ ಎದ್ದು ಕಾಣುತ್ತದೆ. ಹಳೇ ಮೈಸೂರು ಮನೆಗಳ ಕೆಂಪು ಗಾರೆ ನೆಲದಲ್ಲಿ ಈ ಉಪಾಯ ನಡೆಯದು. ರೆಡ್ ಆಕ್ಸೈಡ್ ಕೂಡ ಅದೇ ಬೆಳಕನ್ನು ನುಂಗುವುದರಿಂದ ಕಪ್ಪಿನ ಮೇಲೆ ಕಪ್ಪು. ಕಡುಬಣ್ಣದ ಬಟ್ಟೆಗಾದರೆ ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕನ್ನು ಹಿಡಿಯುವ ಇನ್ಫ್ರಾರೆಡ್ ಕ್ಯಾಮೆರಾ ಇದೆ: ಎಷ್ಟೋ ಬಣ್ಣಗಳು ಅದರಲ್ಲಿ ತಿಳಿಯಾಗುತ್ತವೆ, ರಕ್ತ ಕಪ್ಪಾಗೇ ಉಳಿಯುತ್ತದೆ.

ಸುದ್ದಿಗೆ ಬಾರದ, ಆದರೆ ಎಲ್ಲಕ್ಕಿಂತ ಮೊದಲು ಮಾಡುವ ಕೆಲಸ ಓರೆ ಬೆಳಕಿನದು. ಒಳಗೆ ಕಾಲಿಡುವ ಮುನ್ನ ಕಿಟಕಿ ಮುಚ್ಚಿ, ಬಾಗಿಲಲ್ಲೇ ಕುಳಿತು, ಬಿಳಿ ಟಾರ್ಚನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ ಹಾಯಿಸಿದರೆ ಧೂಳಿನ ಹೆಜ್ಜೆಗಳು ಏಳುತ್ತವೆ. ಫ್ಯಾನ್ ಹಾಕಬಾರದು, ಧೂಳು ಹಾರುತ್ತದೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ಹೆಜ್ಜೆಗೆ ನೇರ ಲಂಬವಾಗಿರಬೇಕು. ಅಳತೆಪಟ್ಟಿ ಹೆಜ್ಜೆಯ ಮಟ್ಟದಲ್ಲೇ ಇರಬೇಕು. ಕ್ಯಾಮೆರಾ ಓರೆಯಾದರೆ ಚಪ್ಪಲಿಯ ಅಳತೆಯೇ ತಪ್ಪುತ್ತದೆ. ಒಂದೇ ಕಡೆಯಿಂದ ಬೆಳಕು ಬಿಟ್ಟರೆ ಬೆಳಕಿನ ದಿಕ್ಕಿಗೇ ಸಾಗಿದ ಅಟ್ಟೆಯ ಗೆರೆಗಳಿಗೆ ನೆರಳು ಬೀಳದೆ ಚಿತ್ರದಲ್ಲಿ ಅವು ಮಾಯ. ಆದ್ದರಿಂದ ಕನಿಷ್ಠ ಮೂರು ದಿಕ್ಕಿನಿಂದ ಒಂದೊಂದು ಚಿತ್ರ ತೆಗೆಯಬೇಕು.