ಕಾದ ತಂತಿ, ಸುಟ್ಟ ಮೋಟರು

ಬೇಸಿಗೆ ಕಾಲಿಟ್ಟ ಮೇಲೆ ರೋಣ, ಶಿರಹಟ್ಟಿ, ಸವಣೂರು ಕಡೆಯ ರಿವೈಂಡಿಂಗ್ ಅಂಗಡಿಗಳ ಮುಂದೆ ಸುಟ್ಟ ಪಂಪ್‌ಸೆಟ್ ಮೋಟರುಗಳು ಸಾಲುಗಟ್ಟುತ್ತವೆ. ಕೇಳಿದರೆ ರೈತರ ಉತ್ತರ ಒಂದೇ: "ವೋಲ್ಟೇಜ್ ಇರಲಿಲ್ರೀ." ರಾಜ್ಯದಲ್ಲಿ ಕರೆಂಟು ಸಾಲುತ್ತಿಲ್ಲ, ಇನ್ನಷ್ಟು ಉತ್ಪಾದಿಸಬೇಕು ಎಂದು ನಾವು ಅಷ್ಟಕ್ಕೇ ತೀರ್ಮಾನಿಸಿಬಿಡುತ್ತೇವೆ. ಆದರೆ ಕೈಗಾದ ಅಣುವಿದ್ಯುತ್ತು 400 ಕಿಲೊವೋಲ್ಟ್ ಲೈನಿನಲ್ಲಿ ಧಾರವಾಡದ ಪಕ್ಕದ ನರೇಂದ್ರಕ್ಕೇ ಬಂದು ಇಳಿಯುತ್ತದೆ. ಗದಗ ಜಿಲ್ಲೆಯ ಗುಡ್ಡ, ಬಯಲುಗಳಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ವಿದ್ಯುತ್ತು ನಮ್ಮ ಅಂಗಳದವರೆಗೆ ಬಂದಿದೆ. ಬಹಳ ಸಲ ಸೋಲುವುದು ಅಲ್ಲಿಂದ ಹೊಲದವರೆಗಿನ ದಾರಿ. ಆ ದಾರಿಯನ್ನು ಸೋಲಿಸುವುದು ಬಿಸಿ.

ಒಂದು ತಂತಿ ಎಷ್ಟು ಕರೆಂಟು ಹೊರಬಲ್ಲದು ಎಂಬುದನ್ನು ಅದು ಎಷ್ಟು ಕಾಯುತ್ತದೆ ಎಂಬುದೇ ನಿರ್ಧರಿಸುತ್ತದೆ. ಕರೆಂಟು ಎರಡು ಪಟ್ಟಾದರೆ ಬಿಸಿಯಾಗಿ ಪೋಲಾಗುವ ಶಕ್ತಿ ನಾಲ್ಕು ಪಟ್ಟು. ಉಕ್ಕಿನ ಎಳೆಗಳ ಸುತ್ತ ಅಲ್ಯೂಮಿನಿಯಂ ಹೆಣೆದ ನಮ್ಮ ಹಳೆಯ ತಂತಿಗಳನ್ನು ಸಾಮಾನ್ಯವಾಗಿ 75 ಡಿಗ್ರಿಯ ಆಸುಪಾಸಿನ ಮಿತಿಯೊಳಗೆ ಇಡುತ್ತಾರೆ. ಅದನ್ನು ಮೀರಿದರೆ ಮೊದಲ ಅಪಾಯ ತಂತಿ ಕರಗುವುದಲ್ಲ, ಜೋಲುವುದು. 300 ಮೀಟರ್ ದೂರದ ಎರಡು ಟವರುಗಳ ನಡುವೆ ಆರು ಮೀಟರ್ ಜೋಲಿರುವ ತಂತಿಯನ್ನು ತೆಗೆದುಕೊಳ್ಳಿ. ಅದು ಇನ್ನೂ 30 ಡಿಗ್ರಿ ಕಾದರೆ ಹಿಗ್ಗುವುದು ಒಂದು ಗೇಣಿಗೂ ಕಡಿಮೆ. ಆದರೆ ಅಷ್ಟು ಹಿಗ್ಗಿಗೇ ನಡುಭಾಗ ಸುಮಾರು ಒಂದು ಮೀಟರ್ ಕೆಳಗಿಳಿಯುತ್ತದೆ! ಕೆಳಗೆ ಮೇವು ಹೇರಿಕೊಂಡ ಟ್ರ್ಯಾಕ್ಟರ್ ಹೋಗುತ್ತಿರುತ್ತದೆ. 110 ಕಿಲೊವೋಲ್ಟ್ ಲೈನು ನೆಲದಿಂದ ಕನಿಷ್ಠ 6.1 ಮೀಟರ್ ಮೇಲಿರಲೇಬೇಕು ಎಂಬ ನಿಯಮ ಇರುವುದು ಇದಕ್ಕೇ. (ಹಳೆ ಮೈಸೂರು ಭಾಗದಲ್ಲಿ 66 ಕಿಲೊವೋಲ್ಟ್ ಲೈನು ಮಾಡುವ, ಸಬ್‌ಸ್ಟೇಷನ್ನಿಗೆ ಕರೆಂಟು ಮುಟ್ಟಿಸುವ ಕೆಲಸವನ್ನು ನಮ್ಮ ಕಡೆ 110 ಮಾಡುತ್ತದೆ.)

ಈಗ ಬಂದಿರುವ ಹೊಸ ಬಗೆಯ ತಂತಿಗಳ ನಡುವೆ ಕಾರ್ಬನ್ ನಾರಿನ ಅಥವಾ ವಿಶೇಷ ಮಿಶ್ರಲೋಹದ ತಿರುಳಿದೆ. ಇವು 150 ಡಿಗ್ರಿಗಿಂತ ಹೆಚ್ಚು ಕಾದರೂ ಅಷ್ಟಾಗಿ ಜೋಲುವುದಿಲ್ಲ. ಅದೇ ಟವರುಗಳ ಮೇಲೆ ಹೆಚ್ಚುಕಡಿಮೆ ಎರಡು ಪಟ್ಟು ಕರೆಂಟು ಹೊರುತ್ತವೆ. ಹೊಸ ಟವರು ಬೇಡ, ಯಾರ ಹೊಲಕ್ಕೂ ಹೊಸದಾಗಿ ಕಾಲಿಡಬೇಕಿಲ್ಲ. ಎರಡು ಎಕರೆಯ ರೈತನಿಗೆ ಟವರಿನ ನಾಲ್ಕು ಕಾಲು ಎಂದರೆ ಏನು ಎಂದು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಆದರೂ ಇದೊಂದನ್ನೇ ಮದ್ದು ಎನ್ನಲಾರೆ. ಎರಡು ಪಟ್ಟು ಕರೆಂಟು ಹರಿಸಿದಾಗ ಪೋಲೂ ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. ವರ್ಷದಲ್ಲಿ ಕೆಲವೇ ತಿಂಗಳು ಲೋಡ್ ಏರುವ ಲೈನಿಗೆ ಇದು ಸರಿ, ದಿನವಿಡೀ ತುಂಬಿ ಹರಿಯುವ ಲೈನಿಗೆ ಅಲ್ಲ.

ಗದಗಿಗೆ ಇನ್ನೊಂದು ಅನುಕೂಲವಿದೆ. ತಂತಿಯನ್ನು ತಣಿಸುವುದೂ ಗಾಳಿಯೇ. ಮುಂಗಾರಿನ ಗಾಳಿ ಜೋರಾಗಿ ಬೀಸಿ ಗಾಳಿಯಂತ್ರಗಳು ಹೆಚ್ಚು ವಿದ್ಯುತ್ತು ಕೊಡುವ ಹೊತ್ತಿಗೇ ಅದನ್ನು ಸಾಗಿಸುವ ತಂತಿಯೂ ತಣ್ಣಗಾಗಿ ಹೆಚ್ಚು ಹೊರಬಲ್ಲದು. ತಂತಿಯ ಉಷ್ಣತೆ, ಜೋಲು, ಗಾಳಿಯ ವೇಗ ಅಳೆಯುವ ಉಪಕರಣ ಕೂರಿಸಿದರೆ ಆ ಕ್ಷಣದ ನಿಜವಾದ ಮಿತಿ ಸಬ್‌ಸ್ಟೇಷನ್ನಿಗೆ ಗೊತ್ತಾಗುತ್ತದೆ. ಗಾಳಿ ಇಲ್ಲದ ಸುಡುಬಿಸಿಲಿಗೆಂದು ಹಾಕಿದ ಲೆಕ್ಕವನ್ನು ಆಷಾಢಕ್ಕೂ ಹಿಡಿದು ಕೂರುವುದು ದೊಡ್ಡ ನಷ್ಟ.

ಇನ್ನು ಮೋಟರಿನ ಮಾತು. 11 ಕಿಲೊವೋಲ್ಟ್ ಲೈನು ಸಬ್‌ಸ್ಟೇಷನ್ನಿನಿಂದ ದೂರ ಹೋದಷ್ಟೂ ವೋಲ್ಟೇಜ್ ಕುಸಿಯುತ್ತದೆ. ಅದು ಶೇ 20 ಕುಸಿದರೆ ಅಷ್ಟೇ ನೀರೆತ್ತಲು ಮೋಟರು ಸುಮಾರು ಕಾಲುಪಾಲು ಹೆಚ್ಚು ಕರೆಂಟು ಎಳೆಯುತ್ತದೆ, ಅದರ ಸುರುಳಿ ಒಂದೂವರೆ ಪಟ್ಟು ಬಿಸಿ ಉಗುಳುತ್ತದೆ. ಹೀಗೆ ಹೆಚ್ಚಿಗೆ ಎಳೆದ ಕರೆಂಟು ಲೈನಿನ ವೋಲ್ಟೇಜನ್ನು ಮತ್ತೂ ಇಳಿಸುತ್ತದೆ. ಲೈನಿನ ಕೊನೆಯ ಟಿಸಿಯಲ್ಲಿ (ಹಳ್ಳಿಯ ಚಿಕ್ಕ ಟ್ರಾನ್ಸ್‌ಫಾರ್ಮರಿನಲ್ಲಿ) ಇರುವವರ ಪಾಡು ಇದು. ಕೆಪಾಸಿಟರ್ ಹಾಕಿದರೆ ಸ್ವಲ್ಪ ಆಸರೆ ಸಿಗುತ್ತದೆ. ಗಟ್ಟಿ ಪರಿಹಾರವೆಂದರೆ ಹಳ್ಳಿಗಳ ನಡುವೆ ಚಿಕ್ಕ ಸಬ್‌ಸ್ಟೇಷನ್ ಕಟ್ಟಿ ಆ ಲೈನನ್ನು ಗಿಡ್ಡ ಮಾಡುವುದು. ಹೆದ್ದಾರಿ ಪಕ್ಕದ ದೊಡ್ಡ ಸ್ಟೇಷನ್ನಿಗಿಂತ ಇವು ಮೊದಲು ಆಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಬ್‌ಸ್ಟೇಷನ್ನಿನ ದೊಡ್ಡ ಟ್ರಾನ್ಸ್‌ಫಾರ್ಮರಿನ ಆಯಸ್ಸು ನಿಂತಿರುವುದು ಕಾಗದದ ಮೇಲೆ. ತಾಮ್ರದ ಸುರುಳಿಗಳಿಗೆ ಸುತ್ತಿ ಎಣ್ಣೆಯಲ್ಲಿ ಮುಳುಗಿಸಿಟ್ಟ ಆ ಕಾಗದ ತನ್ನ ಮಿತಿಗಿಂತ ಪ್ರತಿ ಆರು ಡಿಗ್ರಿ ಹೆಚ್ಚು ಕಾದಾಗ ಎರಡು ಪಟ್ಟು ಬೇಗ ಸವೆಯುತ್ತದೆ. ಎಣ್ಣೆಯನ್ನು ಸೋಸಬಹುದು, ಬದಲಿಸಬಹುದು; ಕಾಗದ ಒಮ್ಮೆ ಪೆಳಸಾದರೆ ಮತ್ತೆ ಗಟ್ಟಿಯಾಗದು. ಒಳಗೆ ಏನಾಗುತ್ತಿದೆ ಎಂದು ಎಣ್ಣೆಯಲ್ಲಿ ಕರಗಿದ ಅನಿಲಗಳೇ ಹೇಳುತ್ತವೆ: ಅಸಿಟಿಲೀನ್ ಕಂಡರೆ ಕಿಡಿ ಹಾರುತ್ತಿದೆ, ಎಥಿಲೀನ್ ಏರಿದರೆ ಎಣ್ಣೆ ವಿಪರೀತ ಕಾಯುತ್ತಿದೆ, ಕಾರ್ಬನ್ ಮೊನಾಕ್ಸೈಡ್ ಹೆಚ್ಚಿದರೆ ಕಾಗದ ಸುಡುತ್ತಿರಬಹುದು. ಎಷ್ಟು ವರ್ಷ ಹಳೆಯದು ಎಂದು ನೋಡಿ ಬದಲಿಸುವುದಕ್ಕಿಂತ ಈ ಪರೀಕ್ಷೆ ನೋಡಿ ಬದಲಿಸುವುದು ಜಾಣತನ. ಅದರ ಜತೆಗೆ ದೋಷ ಬಂದಾಗ ಕರೆಂಟು ಕಡಿಯುವ ಹಳೆಯ ಎಣ್ಣೆ ಬ್ರೇಕರಿನ ಜಾಗಕ್ಕೆ ವ್ಯಾಕ್ಯೂಮ್ ಬ್ರೇಕರ್, ಆ ದೋಷವನ್ನು ಗುರುತಿಸುವ, ತಟ್ಟೆ ತಿರುಗುವ ರಿಲೇ ಬದಲು ಡಿಜಿಟಲ್ ರಿಲೇ ಬರುತ್ತಿವೆ.

ನಮ್ಮ ಎರಿ ಭೂಮಿಯನ್ನು ಮರೆತು ಇಲ್ಲಿ ಯಾವ ಲೈನನ್ನೂ ಕಟ್ಟುವಂತಿಲ್ಲ. ನವಲಗುಂದ, ನರಗುಂದದ ಕರಿಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ. ಟವರಿನ ಪಾಯವನ್ನು ಅದಕ್ಕೆ ತಕ್ಕಂತೆ ಅಗಲವಾಗಿ, ಆಳವಾಗಿ ಹಾಕಬೇಕು. ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ಥಿಂಗ್ ಸರಳಿನ ಹಿಡಿತ ಸಡಿಲಾದರೆ ದೋಷದ ಕರೆಂಟು ನೆಲಕ್ಕೆ ಸರಿಯಾಗಿ ಇಳಿಯದು. ಆಗ ಅಪಾಯಕ್ಕೆ ಒಡ್ಡಿಕೊಳ್ಳುವವನು ಎಲ್‌ಸಿ (ಲೈನು ಬಂದ್ ಮಾಡಿಸಿ ಪಡೆಯುವ ಅನುಮತಿ) ತಗೊಂಡು ಕಂಬ ಹತ್ತಿದ ಲೈನ್‌ಮನ್.

ಕೆಲಸಕ್ಕೆ ಹದ ಸಿಗುವುದೂ ಕಷ್ಟ. ಮಳೆಗಾಲದಲ್ಲಿ ಪಂಪ್‌ಸೆಟ್ ನಿಂತು ಲೋಡ್ ಇಳಿದಿರುತ್ತದೆ, ಆದರೆ ಕ್ರೇನು ಎರಿ ಹೊಲದಲ್ಲಿ ಹೂತುಕೊಳ್ಳುತ್ತದೆ. ಗಾಳಿ ವಿದ್ಯುತ್ತು ಹೊರುವ ಲೈನುಗಳನ್ನು ಬಂದ್ ಮಾಡುವಂತೆಯೂ ಇಲ್ಲ. ಬೇಸಿಗೆಯಲ್ಲಿ ನೆಲ ಗಟ್ಟಿ, ಆದರೆ ಲೈನು ಬಿಡುವಿಲ್ಲದೆ ದುಡಿಯುತ್ತಿರುತ್ತದೆ. ನಡುವೆ ಉಳಿಯುವುದು ಕೆಲವು ವಾರ. ಎರಡು ಸರ್ಕ್ಯೂಟ್ ಇರುವ ಟವರುಗಳಲ್ಲಿ ಒಂದನ್ನು ಚಾಲೂ ಇಟ್ಟು ಇನ್ನೊಂದರ ತಂತಿ ಬದಲಿಸಬಹುದು, ಉಳಿದ ಕಡೆ ಬಂದ್ ಮಾಡದೆ ಬೇರೆ ದಾರಿಯಿಲ್ಲ. ಯಾವ ಲೈನು, ಯಾವ ದಿನ, ಎಷ್ಟು ಹೊತ್ತು ಬಂದ್ ಎಂಬುದನ್ನು ಬಿತ್ತನೆಗೆ ಮೊದಲೇ ಹಳ್ಳಿಗೆ ತಿಳಿಸಿದರೆ ರೈತರು ನೀರಿನ ಪಾಳಿಯನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತಾರೆ.