‘ಮರೆತುಬಿಡು’ ಅಂದರೆ ಮರೆಯುವ ಗಾಯವಲ್ಲ

1981ರ ಫೆಬ್ರವರಿ 7. ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. 90ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಸುಟ್ಟ ಗಾಯಕ್ಕೆ ಆಸ್ಪತ್ರೆಯಲ್ಲಿ ವಾರ್ಡ್ ಇತ್ತು. ಬರಿಗೈಯಲ್ಲಿ ಮನೆಗೆ ಮರಳಿದ ಅಪ್ಪ ಅಮ್ಮಂದಿರಿಗೆ ಏನಿತ್ತು? ಇಂಥ ಹೊತ್ತಲ್ಲಿ ನೆಂಟರಿಷ್ಟರು ಹೇಳುವ ಮಾತು ನಮಗೆಲ್ಲ ಗೊತ್ತು. ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಆಗಿದ್ದು ಆಯ್ತು, ಮರೆತುಬಿಡಿ.’

ಪ್ರೀತಿಯಿಂದಲೇ ಹೇಳುವ ಮಾತು ಅದು. ಆದರೆ ಮರೆಯಬೇಕು ಅಂದುಕೊಂಡಷ್ಟೂ ನೆನಪು ಜಾಸ್ತಿ ಕಾಡುತ್ತದೆ. ಆ ಬೆಂಕಿಯಲ್ಲಿ ತಮ್ಮವರನ್ನು ಕಳೆದುಕೊಂಡವರ ದುಃಖವನ್ನು ನಿಮ್ಹಾನ್ಸ್‌ನ ತಜ್ಞರು ಆಮೇಲೆ ಅಧ್ಯಯನ ಮಾಡಿದರು. ದುರಂತ ಕಳೆದ ಮೇಲೆ ಮನೆಯವರ ಮನಸ್ಸಿಗೆ ಏನಾಗುತ್ತದೆ ಅಂತ ನಮ್ಮಲ್ಲಿ ಕೇಳಲು ಶುರುಮಾಡಿದ ದಿನಗಳು ಅವು.

‘ಮರೆತುಬಿಡು’ ಎಂಬ ಬುದ್ಧಿಮಾತು ಫಲ ಕೊಡುವುದಿಲ್ಲ ಅನ್ನುವುದು ಮೊದಲ ಮಹಾಯುದ್ಧದ ಕಾಲದಲ್ಲೇ ಒಬ್ಬರಿಗೆ ಹೊಳೆದಿತ್ತು. ಆಗ ಮೈಮೇಲೆ ಒಂದು ಗಾಯವೂ ಇಲ್ಲದ ಸೈನಿಕರು ನಡುಗುತ್ತಿದ್ದರು. ಕೆಲವರಿಗೆ ಮಾತೇ ನಿಂತುಹೋಗಿತ್ತು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ಇದನ್ನು ‘ಶೆಲ್ ಶಾಕ್’, ಅಂದರೆ ಸಿಡಿಗುಂಡಿನ ಆಘಾತ, ಎಂದು ಕರೆದು ಬರೆದರು. ಹೇಡಿಗಳು ಅಂತ ಬೈಸಿಕೊಂಡವರೂ ಕಡಿಮೆಯಿಲ್ಲ. ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಡಬ್ಲ್ಯೂ.ಎಚ್.ಆರ್. ರಿವರ್ಸ್ ಎಂಬ ವೈದ್ಯರು ಇಂಥ ಸೇನಾಧಿಕಾರಿಗಳನ್ನು ನೋಡುತ್ತಿದ್ದರು. ಇದೇ ರಿವರ್ಸ್ ಅದಕ್ಕೂ ಮುಂಚೆ, 1901-02ರಲ್ಲಿ, ನಮ್ಮ ಪಕ್ಕದ ನೀಲಗಿರಿಯಲ್ಲಿ ತೋಡ ಬುಡಕಟ್ಟಿನವರ ನಡುವೆ ಓಡಾಡಿ ಅವರ ಬದುಕನ್ನು ಬರೆದಿಟ್ಟವರು. ಬೇರೆಯವರ ಮಾತನ್ನು ತಾಳ್ಮೆಯಿಂದ ಕೇಳುವುದು ಅವರಿಗೆ ಅಲ್ಲೇ ರೂಢಿಯಾಗಿತ್ತೋ ಏನೋ, ನನಗಂತೂ ಹಾಗನ್ನಿಸುತ್ತದೆ. ಹಗಲೆಲ್ಲ ಯುದ್ಧದ ನೆನಪನ್ನು ದೂರ ತಳ್ಳಿದವರಿಗೆ ರಾತ್ರಿ ಅದೇ ಕನಸಾಗಿ ಬರುತ್ತಿತ್ತು. ರಿವರ್ಸ್ ಹಗಲಿನಲ್ಲೇ ಅದರ ಬಗ್ಗೆ ಮಾತಾಡಲು ಬಿಟ್ಟರು. ಹಲವರಿಗೆ ನಿದ್ದೆ ಸುಧಾರಿಸಿತು.

ಯುದ್ಧ ಮುಗಿದ ಮೇಲೆ ಈ ಪಾಠ ಮೂಲೆಗೆ ಬಿತ್ತು. ಅದು ಮತ್ತೆ ಎದ್ದಿದ್ದು ಅಮೆರಿಕದಲ್ಲಿ, 1970ರ ದಶಕದಲ್ಲಿ. ವಿಯೆಟ್ನಾಂನಿಂದ ಮರಳಿದ ಸೈನಿಕರು ಗುಂಪು ಕೂಡಿ ಮಾತಾಡತೊಡಗಿದರು. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಕ್ಕಳ ಪರವಾಗಿ ಮಹಿಳಾ ಸಂಘಟನೆಗಳು ದನಿ ಎತ್ತಿದವು. 1980ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ಇದಕ್ಕೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ, ಎಂಬ ಹೆಸರು ಕೊಟ್ಟು ಕಾಯಿಲೆಗಳ ಪಟ್ಟಿಗೆ ಸೇರಿಸಿತು. ತಪ್ಪು ನಿಮ್ಮ ಗುಣದ್ದಲ್ಲ, ನಿಮಗೆ ಆದ ಘಟನೆಯದ್ದು ಅಂತ ಕಾಗದದ ಮೇಲೆ ಒಪ್ಪಿಕೊಂಡ ಹಾಗಾಯಿತು.

ಹಾಗಾದರೆ ಥೆರಪಿ, ಅಂದರೆ ಮಾತಿನ ಮೂಲಕ ಕೊಡುವ ಚಿಕಿತ್ಸೆ, ಮಾಡುವುದಾದರೂ ಏನು? ಹೋದ ವರ್ಷದ ದಸರಾ ನೆನಪಾದರೆ ಅದು ಮುಗಿದುಹೋದದ್ದು ಅಂತ ನಮಗೆ ಗೊತ್ತಿರುತ್ತದೆ. ಟ್ರಾಮಾದ, ಅಂದರೆ ಮನಸ್ಸಿಗೆ ಬಿದ್ದ ದೊಡ್ಡ ಪೆಟ್ಟಿನ ನೆನಪು ಹಾಗಲ್ಲ. ಪಕ್ಕದ ಮನೆಯಲ್ಲಿ ಕಸ ಸುಟ್ಟ ಹೊಗೆ ಮೂಗಿಗೆ ಬಿದ್ದರೆ ಸಾಕು, ಎದೆ ಢವಢವ ಅನ್ನುತ್ತದೆ, ಮೈ ಬೆವರುತ್ತದೆ. ಅದು ಈಗಲೇ ನಡೆಯುತ್ತಿದೆ ಅನ್ನಿಸುತ್ತದೆ. ಹೀಗಾಗಿ ಆ ರಸ್ತೆ ಬೇಡ, ಆ ವಾಸನೆ ಬೇಡ, ಆ ಮಾತೇ ಬೇಡ. ಇದರಿಂದ ಆ ಹೊತ್ತಿಗೆ ಹಾಯೆನಿಸುತ್ತದೆ ನಿಜ. ಆದರೆ ಅಪಾಯ ಕಳೆದಿದೆ ಎಂದು ಮೈ ಮನಸ್ಸು ಕಲಿಯುವುದು ಯಾವಾಗ?

ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ರೂಪಿಸಿದ ಚಿಕಿತ್ಸೆ ಇಲ್ಲೇ ಕೈ ಹಾಕುತ್ತದೆ. ಸಾಮಾನ್ಯವಾಗಿ 8ರಿಂದ 15 ಭೇಟಿ. ನಂಬಿಕೆ ಹುಟ್ಟಿದ ಮೇಲೆ, ಸುರಕ್ಷಿತ ಕೋಣೆಯಲ್ಲಿ ಕೂತು, ನಡೆದದ್ದನ್ನು ಮೊದಲಿಂದ ಕೊನೆವರೆಗೆ ಹೇಳುತ್ತಾರೆ. ಮತ್ತೆ ಹೇಳುತ್ತಾರೆ. ಅದನ್ನೇ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ಕೇಳುತ್ತಾರೆ. ಮೊದಮೊದಲು ಇದು ಕಷ್ಟ, ಬಹಳ ಕಷ್ಟ. ಹೇಳುತ್ತ ಹೇಳುತ್ತ ಅದರ ಉರಿ ಇಳಿಯುತ್ತದೆ. ದೂರ ಇಟ್ಟಿದ್ದ ರಸ್ತೆ, ಜಾಗಗಳಿಗೂ ಸುಲಭದ್ದರಿಂದ ಶುರುಮಾಡಿ ಒಂದೊಂದಾಗಿ ಹೋಗುತ್ತಾರೆ.

ಕೆಲವರನ್ನು ಭಯಕ್ಕಿಂತ ಅಪರಾಧಿ ಭಾವ ಸುಡುತ್ತದೆ. ‘ನಾನೇ ಮಗುವನ್ನ ಅಲ್ಲಿಗೆ ಕರ್ಕೊಂಡು ಹೋದೆ’ ಎಂಬ ಮಾತು ಗಂಟಲಲ್ಲಿ ಸಿಕ್ಕಿಕೊಂಡಿರುತ್ತದೆ. ಪೆಟ್ರೀಷಿಯಾ ರೆಸಿಕ್ ರೂಪಿಸಿದ ವಿಧಾನ ಆ ಮಾತನ್ನೇ ಹೊರಗೆ ತೆಗೆದು, ಇದು ಎಷ್ಟು ನಿಜ ಅಂತ ಜೊತೆಗೆ ಕೂತು ನೋಡುತ್ತದೆ. ಫ್ರಾನ್ಸಿನ್ ಶಪೀರೊ 1989ರಲ್ಲಿ ಮುಂದಿಟ್ಟ ಇಎಂಡಿಆರ್ ಎಂಬ ಚಿಕಿತ್ಸೆಯಲ್ಲಿ ನೆನಪನ್ನು ಮನಸ್ಸಿನಲ್ಲಿಟ್ಟು ಥೆರಪಿಸ್ಟರ ಬೆರಳಿನ ಜೊತೆ ಕಣ್ಣು ಆಡಿಸುತ್ತಾರೆ. ಅದು ಯಾಕೆ ಕೆಲಸ ಮಾಡುತ್ತದೆ ಎಂಬುದರ ಚರ್ಚೆ ಇನ್ನೂ ಮುಗಿದಿಲ್ಲ. ಆದರೂ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನೂ ಶಿಫಾರಸು ಮಾಡಿತು.

ನನಗೆ ತುಂಬ ಹಿಡಿಸಿದ್ದು ನಿರಾಶ್ರಿತರಿಗಾಗಿ ಜರ್ಮನಿಯ ತಜ್ಞರು ಕಟ್ಟಿದ ವಿಧಾನ. ನೆಲದ ಮೇಲೆ ಒಂದು ಹಗ್ಗ ಹಾಸುತ್ತಾರೆ. ಅದೇ ಆಯುಸ್ಸು. ಕೆಟ್ಟದ್ದು ನಡೆದ ಕಡೆ ಕಲ್ಲು, ಒಳ್ಳೆಯದು ನಡೆದ ಕಡೆ ಹೂವು. ಆಮೇಲೆ ಹುಟ್ಟಿದಾಗಿನಿಂದ ಕಥೆ ಶುರು. ಥೆರಪಿಸ್ಟ್ ಅದನ್ನು ಬರೆದುಕೊಂಡು ಮತ್ತೆ ಓದಿ ಹೇಳುತ್ತಾರೆ. ಕೊನೆಗೆ ಆ ಬರಹವನ್ನು ಅವರ ಕೈಗೇ ಕೊಡುತ್ತಾರೆ. ಕಲ್ಲನ್ನು ಯಾರೂ ಎತ್ತಿಹಾಕುವುದಿಲ್ಲ. ಆದರೆ ಅದರ ಹಿಂದೆ ಮುಂದೆ ಹೂವೂ ಇತ್ತು ಅಂತ ಕಣ್ಣಿಗೆ ಕಾಣುತ್ತದೆ.

ಇಲ್ಲೊಂದು ಎಚ್ಚರದ ಮಾತು ಹೇಳಲೇಬೇಕು. ಮಾತಾಡಿದರೆ ಒಳ್ಳೆಯದು ಅಂತ, ದುರಂತ ಆದ ಕೂಡಲೇ ಎಲ್ಲರನ್ನೂ ಕೂರಿಸಿ ಒಂದೇ ಸಲಕ್ಕೆ ಎಲ್ಲ ಹೇಳಿಸುವ ಪದ್ಧತಿ 1980ರ ದಶಕದಲ್ಲಿ ಹಬ್ಬಿತ್ತು. ಪರೀಕ್ಷಿಸಿ ನೋಡಿದಾಗ ಅದರಿಂದ ಪಿಟಿಎಸ್‌ಡಿ ತಪ್ಪಲಿಲ್ಲ. ಮೊದಲ ದಿನಗಳಲ್ಲಿ ಬೇಕಾದದ್ದು ನೀರು, ಊಟ, ಮಲಗಲು ಜಾಗ, ತನ್ನವರು ಎಲ್ಲಿದ್ದಾರೆ ಎಂಬ ಸುದ್ದಿ, ಪಕ್ಕದಲ್ಲಿ ಒಬ್ಬ ಮನುಷ್ಯ. ಹೆಣದ ಮುಂದೆ ಕೂತವರ ಬಾಯಿಗೆ ಮೈಕ್ ಹಿಡಿದು ‘ಹೇಗನ್ನಿಸ್ತಿದೆ’ ಅಂತ ಕೇಳುವುದನ್ನು ದಯವಿಟ್ಟು ನಿಲ್ಲಿಸಬೇಕು.

ನಮ್ಮ ದೇಶದ ದಾರಿ ಸ್ವಲ್ಪ ಬೇರೆ. 1984ರ ಭೋಪಾಲ್ ಅನಿಲ ದುರಂತದ ನಂತರ ಅಷ್ಟು ಜನರನ್ನು ನೋಡುವಷ್ಟು ಮನೋವೈದ್ಯರು ಇರಲಿಲ್ಲ. ಬೆಂಗಳೂರಿನ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಜೊತೆಗಾರರು ಅಲ್ಲಿನ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟರು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಒಂದೊಂದು ಬಂದಾಗಲೂ ಈ ಕೆಲಸ ಇನ್ನಷ್ಟು ಕೆಳಗಿಳಿಯಿತು. ನಿಮ್ಹಾನ್ಸ್‌ನವರು ಅಂಗನವಾಡಿ ಕಾರ್ಯಕರ್ತೆಯರಿಗೆ, ಮೇಷ್ಟ್ರುಗಳಿಗೆ, ಊರಿನ ಹುಡುಗ ಹುಡುಗಿಯರಿಗೆ ಕಲಿಸಿದರು. ಕಲಿಸಿದ್ದು ದೊಡ್ಡ ಶಾಸ್ತ್ರವಲ್ಲ. ಮಧ್ಯೆ ಬಾಯಿ ಹಾಕದೆ ಕೇಳುವುದು, ಅಳಲು ಬಿಡುವುದು, ಮಕ್ಕಳನ್ನು ಆಟಕ್ಕೆ ಹಚ್ಚುವುದು, ದೊಡ್ಡವರನ್ನು ಮೆಲ್ಲಗೆ ಕೆಲಸಕ್ಕೆ ಮರಳಿಸುವುದು, ಜಾಸ್ತಿ ತೊಂದರೆ ಇದ್ದವರನ್ನು ವೈದ್ಯರ ಬಳಿ ಕಳಿಸುವುದು.

ಕೋಣೆಯೊಳಗಿನ ಥೆರಪಿ ಮಾತ್ರ ಇನ್ನೂ ಹೆಚ್ಚಾಗಿ ದೊಡ್ಡ ಊರುಗಳಲ್ಲೇ ಇದೆ. ಸಿಕ್ಕವರು, ಟ್ರಾಮಾಕ್ಕೆಂದೇ ತರಬೇತಿ ಪಡೆದಿದ್ದೀರಾ ಅಂತ ಕೌನ್ಸೆಲರನ್ನು ನೇರವಾಗಿ ಕೇಳಬಹುದು. ಅದರಲ್ಲಿ ತಪ್ಪೇನಿಲ್ಲ. ಎಲ್ಲಿ ಶುರುಮಾಡಬೇಕು ಅಂತ ತಿಳಿಯದವರಿಗೆ 2022ರ ಅಕ್ಟೋಬರ್‌ನಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.